ಗಂಡು ಗಿಡ ಯಾವುದೆಂದು ಬರೆದಿಡಲಿಲ್ಲ

1893ರ ಜೂನ್ 24ರ ‘ಗಾರ್ಡನರ್ಸ್ ಕ್ರಾನಿಕಲ್’ ಸಂಚಿಕೆಯ 740ನೇ ಪುಟ ನನಗೆ ಬೇಕಿತ್ತು. ತೋಟಗಾರರಿಗೆಂದೇ ಲಂಡನ್ನಿನಿಂದ ವಾರಕ್ಕೊಮ್ಮೆ ಹೊರಡುತ್ತಿದ್ದ ಪತ್ರಿಕೆ ಅದು. ಆ ಪುಟದಲ್ಲಿ ಸಿಂಗಪುರ ಸಸ್ಯೋದ್ಯಾನದ ನಿರ್ದೇಶಕನಾಗಿದ್ದ ಹೆನ್ರಿ ರಿಡ್ಲಿ ಒಂದು ಹೊಸ ಆರ್ಕಿಡ್ ಬಗ್ಗೆ ಪುಟ್ಟ ಟಿಪ್ಪಣಿ ಬರೆದಿದ್ದಾನೆ. ವ್ಯಾಂಡಾ ಮಿಸ್ ಜೋಕಿಮ್ ಎಂದು ಅವನೇ ಅದಕ್ಕೆ ಹೆಸರಿಟ್ಟ. 1981ರ ಏಪ್ರಿಲ್ 15ರಂದು ಸಿಂಗಪುರದ ರಾಷ್ಟ್ರೀಯ ಹೂವೆಂದು ಘೋಷಣೆಯಾದದ್ದು ಇದೇ ಹೂವು. ಇದರ ಬಗ್ಗೆ ಬರೆದವರೆಲ್ಲ ರಿಡ್ಲಿಯ ಟಿಪ್ಪಣಿಯನ್ನು ಹೆಸರಿಸುತ್ತಾರೆ. ಓದಿ ಹೆಸರಿಸಿದವರು ಎಷ್ಟು ಮಂದಿ ಎಂಬುದು ಬೇರೆ ಮಾತು.

ಹೂವು ಚೆಂದ. ಪೆನ್ಸಿಲ್ ದಪ್ಪದ ಉರುಟು ಎಲೆ, ಆಸರೆ ಕೊಟ್ಟರೆ ಆಳೆತ್ತರ ಏರುವ ಕಾಂಡ, ತುದಿಯಲ್ಲಿ ನಸುಗುಲಾಬಿ ನೇರಳೆಯ ಗೊಂಚಲು. ಬಿಸಿಲೂ ಬೇಕು, ತೇವವೂ ಬೇಕು. ಹವಾಯಿ ದ್ವೀಪದಲ್ಲಿ ಒಂದು ಕಾಲಕ್ಕೆ ಇದನ್ನು ಹೊಲದ ಬೆಳೆಯಾಗಿ ಬೆಳೆದು ಹಾರಕ್ಕೆ ಪೋಣಿಸುತ್ತಿದ್ದರು. ನಮ್ಮ ಮಲೆನಾಡಿನ ಮರಗಳಲ್ಲಿ ತೂಗುವ ಸೀತಾಳೆ ದಂಡೆಯ ಬಳಗದ್ದೇ. ಇದರ ಹೆತ್ತವರು ಯಾರೆಂಬುದರಲ್ಲಿ ತಕರಾರಿಲ್ಲ: ಒಂದು ವ್ಯಾಂಡಾ ಹೂಕೇರಿಯಾನ, ಇನ್ನೊಂದು ವ್ಯಾಂಡಾ ಟೆರೆಸ್. ಮೊದಲನೆಯದು ಮಲಯ ಪರ್ಯಾಯದ್ವೀಪ, ಸುಮಾತ್ರ, ಬೋರ್ನಿಯೋ ಕಡೆಯ ಜೌಗುನೆಲದ ಗಿಡ. ಪೆರಾಕ್ ಸೀಮೆಯಲ್ಲಿ ಅದು ಎಷ್ಟು ಹೇರಳವಾಗಿತ್ತೆಂದರೆ ಕಿಂಟಾ ನದಿಯ ಹೆಸರು ಸೇರಿಸಿ ‘ಕಿಂಟಾ ಕಳೆ’ ಎಂದೇ ಕರೆದರು. ಎರಡನೆಯದು ನಮ್ಮ ಈಶಾನ್ಯ ಭಾರತ, ಬಾಂಗ್ಲಾ, ಬರ್ಮಾ ಕಡೆಯದು. ತಕರಾರು ಇರುವುದು ಬೇರೆ ಎರಡು ಸಂಗತಿಗೆ. ಈ ಎರಡನ್ನೂ ಕೂಡಿಸಿದ್ದು ಮನುಷ್ಯರ ಕೈಯೋ, ಹಾರಿಬಂದ ದುಂಬಿಯೋ? ಕೂಡಿದಾಗ ಕಾಯಿ ಕಟ್ಟಿದ ತಾಯಿ ಯಾವುದು, ಪರಾಗ ಕೊಟ್ಟ ತಂದೆ ಯಾವುದು?

ಮಿಸ್ ಜೋಕಿಮ್ ಎಂದರೆ ಆಗ್ನೆಸ್ ಜೋಕಿಮ್. 1854ರಲ್ಲಿ ಸಿಂಗಪುರದ ಆರ್ಮೇನಿಯನ್ ವರ್ತಕರ ಮನೆಯಲ್ಲಿ ಹುಟ್ಟಿದವಳು. ಹನ್ನೊಂದು ಮಕ್ಕಳಲ್ಲಿ ಎರಡನೆಯವಳು, ಹೆಣ್ಣುಮಕ್ಕಳಲ್ಲಿ ಹಿರಿಯವಳು. ಮದುವೆಯಾಗಲಿಲ್ಲ. ಹೂವಿನ ಪ್ರದರ್ಶನಗಳಲ್ಲಿ ಬಹುಮಾನ ಗೆಲ್ಲುವ ಕೈತೋಟಗಾತಿ ಎಂದು ಊರಿಗೆಲ್ಲ ಗೊತ್ತಿದ್ದಳು. 1899ರಲ್ಲಿ ತನ್ನ ಹೆಸರಿನ ಹೂವಿಗೇ ಅಪರೂಪದ ಆರ್ಕಿಡ್ ಎಂದು ಬಹುಮಾನ ಪಡೆದು, ಅದೇ ವರ್ಷ ಜುಲೈ 2ರಂದು ಕ್ಯಾನ್ಸರಿನಿಂದ ತೀರಿಕೊಂಡಳು. ಸಿಂಗಪುರದ ಹಿಲ್ ಸ್ಟ್ರೀಟಿನಲ್ಲಿರುವ ಆರ್ಮೇನಿಯನ್ ಚರ್ಚಿನ ಆವರಣದಲ್ಲಿ ಆಕೆಯ ಸಮಾಧಿಗಲ್ಲಿದೆ.

ಇಷ್ಟರವರೆಗೆ ಸರಿ. ಆಮೇಲೆ, ಆಕೆ ತೀರಿ ಎಷ್ಟೋ ದಶಕಗಳು ಕಳೆದ ಮೇಲೆ, ಇನ್ನೊಂದು ಕತೆ ಅಚ್ಚಿಗೆ ಬಂತು. ಆಗ್ನೆಸ್ ಒಂದು ಬೆಳಿಗ್ಗೆ ತೋಟದಲ್ಲಿ ಅಡ್ಡಾಡುತ್ತಿದ್ದಾಗ ಬಿದಿರು ಮೆಳೆಯೊಳಗೆ ಈ ಹೂವು ಕಣ್ಣಿಗೆ ಬಿತ್ತಂತೆ; ಎತ್ತಿಕೊಂಡು ರಿಡ್ಲಿಯ ಬಳಿ ಓಡಿದಳಂತೆ. ಕತೆ ಸೊಗಸಾಗಿದೆ. ಅದರಲ್ಲಿ ಆಕೆಯ ಪಾಲಿಗೆ ಉಳಿಯುವುದು ಎರಡು ಕಣ್ಣು, ಒಂದು ಅದೃಷ್ಟ. ಪರಾಗ ಎತ್ತಿ ಇಟ್ಟ ಬೆರಳು, ಬೀಜ ಮೊಳೆಯಿಸಿದ ತಾಳ್ಮೆ, ವರ್ಷಗಟ್ಟಲೆ ಕಾದದ್ದು ಎಲ್ಲವೂ ದುಂಬಿಯ ಮತ್ತು ಗಾಳಿಯ ಲೆಕ್ಕಕ್ಕೆ ಹೋಗುತ್ತವೆ. ಯಾವುದು ನಿಜ ಎಂದು ನೋಡಬೇಕಾದರೆ ಮೊದಲ ದಾಖಲೆಗೇ ಹೋಗಬೇಕು. ಹೀಗಾಗಿ 740ನೇ ಪುಟ.

ಮೊದಲು ತಟ್ಟಿದ್ದು ಅಮೆರಿಕದ ಗ್ರಂಥಾಲಯಗಳು ಸೇರಿ ಕಟ್ಟಿದ ಒಂದು ದೊಡ್ಡ ಡಿಜಿಟಲ್ ಭಂಡಾರದ ಬಾಗಿಲು. ಸಂಪುಟದ ಹೆಸರು ಕಾಣಿಸಿತು, ಪುಟ ತೆರೆಯಲಿಲ್ಲ. ನಿಯಮ ಹೀಗಿದೆ: ಅಮೆರಿಕದ ಹೊರಗೆ ಅಚ್ಚಾದ ಪುಸ್ತಕ ಸುಮಾರು 140 ವರ್ಷಕ್ಕಿಂತ ಈಚಿನದಾದರೆ ಅದನ್ನು ಅಮೆರಿಕದಲ್ಲಿ ಕೂತವರಿಗೆ ತೋರಿಸುತ್ತಾರೆ, ಹೊರಗಿನವರಿಗೆ ತೋರಿಸುವುದಿಲ್ಲ. ಬೇರೆ ಬೇರೆ ದೇಶಗಳ ಕೃತಿಸ್ವಾಮ್ಯ ಕಾನೂನಿಗೆ ಹೆದರಿ ಹಾಕಿಕೊಂಡ ಬೇಲಿ ಅದು. ಸಿಂಗಪುರದ ಹೂವಿನ ಬಗ್ಗೆ ಲಂಡನ್ನಿನಲ್ಲಿ ಅಚ್ಚಾದ ಪುಟವನ್ನು ಷಿಕಾಗೋದಲ್ಲಿರುವ ನನ್ನ ಸೋದರಳಿಯ ಕೂತಲ್ಲೇ ಓದಬಹುದು, ಬೆಂಗಳೂರಿನಲ್ಲಿರುವ ನಾನು ಓದುವಂತಿಲ್ಲ.

ಈ ಹೆದರಿಕೆ ಬರೀ ಭ್ರಮೆಯಲ್ಲ. ರಿಡ್ಲಿ 1855ರ ಡಿಸೆಂಬರಿನಲ್ಲಿ ಹುಟ್ಟಿ 1956ರ ಅಕ್ಟೋಬರಿನಲ್ಲಿ ತೀರಿಕೊಂಡ. ನೂರು ದಾಟಿ ಬದುಕಿದ ಗಟ್ಟಿಗ. ಬ್ರಿಟನ್ನಿನ ಕಾನೂನಿನಲ್ಲಿ ಲೇಖಕ ಸತ್ತ ಮೇಲೆ 70 ವರ್ಷ ಹಕ್ಕು ಉಳಿಯುತ್ತದೆ. ಅಂದರೆ ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಬರೆದ ಈ ಅರ್ಧ ಕಾಲಂ ಟಿಪ್ಪಣಿ ಅಲ್ಲಿ 2026ರ ಕೊನೆಯವರೆಗೂ ಯಾರದೋ ಸ್ವತ್ತು. ನಮ್ಮಲ್ಲಿ ಲೇಖಕ ತೀರಿದ ಮೇಲೆ 60 ವರ್ಷ. ಆ ಲೆಕ್ಕದಲ್ಲಿ 2017ರ ಜನವರಿ 1ರಂದೇ ಬಿಡುಗಡೆಯಾಗಿದೆ. ಯಾರೂ ಕಾಸು ಕೇಳದ, ಕೇಳಿದರೆ ಯಾರೂ ಕೊಡದ ಬರಹಕ್ಕೂ ಕಾನೂನಿನ ಬೀಗ ಹೀಗೆ ನೇತಾಡುತ್ತಿರುತ್ತದೆ. ದುಡ್ಡು ಮತ್ತು ಬಿಟ್ಟಿ ಎಂದು ವಾದಿಸುವಾಗ ನಾವು ಮರೆಯುವ ಮೂರನೇ ಬಗೆ ಇದು: ಮಾರಾಟಕ್ಕೂ ಇಲ್ಲ, ಓದಲಿಕ್ಕೂ ಇಲ್ಲ.

ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ ನನ್ನ ಕೈ ಹಿಡಿಯಿತು. 2006ರಲ್ಲಿ ಕೆಲವು ದೊಡ್ಡ ನಿಸರ್ಗವಿಜ್ಞಾನ ಗ್ರಂಥಾಲಯಗಳು ಒಟ್ಟುಗೂಡಿ ತಮ್ಮ ಹಳೆಯ ಸಂಗ್ರಹವನ್ನು ಜಗತ್ತಿಗೆಲ್ಲ ತೆರೆದಿಡಲು ಶುರುಮಾಡಿದ ಕೆಲಸ ಅದು. ಆದರೆ ಅಲ್ಲಿ ಜೋಕಿಮ್ ಎಂದು ಹೆಸರು ಹಾಕಿ ಹುಡುಕಿದರೆ ಸುಲಭಕ್ಕೆ ಸಿಗುವುದಿಲ್ಲ. ಒತ್ತೊತ್ತಾದ ಕಾಲಂ, ಸಣ್ಣಕ್ಷರ, ಹಿಂಬದಿಯ ಮಸಿ ಮುಂದೆ ಇಣುಕುವ ಕಾಗದ. ಯಂತ್ರ ಅದನ್ನು ಓದಿ ಅಕ್ಷರ ಮಾಡುವಾಗ ಹೆಸರುಗಳೇ ಮೊದಲು ಕೆಡುತ್ತವೆ. ಹಳೆಯ ದಾರಿಯೇ ಲೇಸು: ಮೂರನೇ ಸರಣಿ, 13ನೇ ಸಂಪುಟ, ಜನವರಿಯಿಂದ ಜೂನ್. ಪುಟಸಂಖ್ಯೆ ಹಿಡಿದು ಹೋದರೆ ಹೂವು ಅಲ್ಲೇ ಇದೆ.

ರಿಡ್ಲಿ ಹೇಳುವುದು ಸ್ಪಷ್ಟವಾಗಿದೆ. ಸಿಂಗಪುರದ ನಿವಾಸಿ, ತೋಟಗಾರಿಕೆಯಲ್ಲಿ ಹೆಸರಾದ ಮಿಸ್ ಜೋಕಿಮ್ ಕೆಲವು ವರ್ಷಗಳ ಹಿಂದೆ ವ್ಯಾಂಡಾ ಹೂಕೇರಿಯಾನ ಮತ್ತು ವ್ಯಾಂಡಾ ಟೆರೆಸ್‌ಗಳನ್ನು ಸಂಕರ ಮಾಡುವುದರಲ್ಲಿ ಯಶಸ್ವಿಯಾದಳು. ಆ ಎರಡೂ ಸಿಂಗಪುರದ ಹೆಚ್ಚುಕಡಿಮೆ ಎಲ್ಲ ತೋಟಗಳಲ್ಲೂ ಇರುವ ಗಿಡಗಳು. ಬಿದಿರು ಮೆಳೆಯಿಲ್ಲ, ಬೆಳಗಿನ ಅಡ್ಡಾಟವಿಲ್ಲ. ಅದಾದ ಮೇಲೆ ಒಂದು ಪುಟ್ಟ ಕೊರಗು: ಗಂಡಾಗಿ ಯಾವುದನ್ನು ಬಳಸಿದರೆಂದು ದಾಖಲೆ ಇಟ್ಟಿಲ್ಲ.

ಈ ಕೊನೆಯ ಮಾತು ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಮೆಳೆಯಲ್ಲಿ ಸಿಕ್ಕ ಗಿಡವಾಗಿದ್ದರೆ, ಗಂಡು ಯಾವುದೆಂದು ಬರೆದಿಡಲಿಲ್ಲವಲ್ಲ ಎಂದು ಯಾರಾದರೂ ಕೊರಗುತ್ತಾರೆಯೇ? ದುಂಬಿ ಲೆಕ್ಕ ಬರೆಯುವುದಿಲ್ಲ. ಬರೆದಿಡಬಹುದಾಗಿದ್ದವರು ಬರೆದಿಡಲಿಲ್ಲ ಎಂದಾಗ ಮಾತ್ರ ಆ ಮಾತಿಗೆ ಅರ್ಥ. ರಿಡ್ಲಿ ಗಿಡ ಮಾಡಿದವಳನ್ನು ನೇರವಾಗಿ ಬಲ್ಲವನು, ಅದೇ ಊರಿನವನು, ವೃತ್ತಿಯಿಂದ ಸಸ್ಯಶಾಸ್ತ್ರಿ. ನನಗೆ ಅಷ್ಟು ಸಾಕು.

ಆಗಿನ ಕಾಲಕ್ಕೆ ಮನೆಯ ಹೆಣ್ಣುಮಗಳೊಬ್ಬಳು ಆರ್ಕಿಡ್ ಬೀಜದಿಂದ ಸಸಿ ಎಬ್ಬಿಸಲು ಸಾಧ್ಯವೇ ಎಂಬ ಅನುಮಾನವೂ ಈ ಚರ್ಚೆಯಲ್ಲಿ ಇಣುಕುತ್ತದೆ. ಆರ್ಕಿಡ್ ಬೀಜ ಹೊಗೆಯಂಥ ಪುಡಿ. ಒಳಗೆ ಆಹಾರದ ದಾಸ್ತಾನೇ ಇಲ್ಲ. ಸರಿಯಾದ ಶಿಲೀಂಧ್ರ ಜೊತೆಗೂಡದಿದ್ದರೆ ಮೊಳೆಯುವುದಿಲ್ಲ. ಸಕ್ಕರೆ ಬೆರೆಸಿದ ಅಗರ್ ಮೇಲೆ ಶಿಲೀಂಧ್ರದ ಹಂಗಿಲ್ಲದೆ ಮೊಳೆಯಿಸಬಹುದೆಂದು ಲೂಯಿಸ್ ನಡ್ಸನ್ ತೋರಿಸಿದ್ದು 1922ರಲ್ಲಿ, ಆಗ್ನೆಸ್ ತೀರಿ ಇಪ್ಪತ್ತಮೂರು ವರ್ಷದ ಮೇಲೆ. ಆದರೆ ಸೀಸೆ ಬರುವ ಮೊದಲೂ ತೋಟಗಾರರಿಗೆ ಒಂದು ಉಪಾಯ ತಿಳಿದಿತ್ತು: ಬೀಜವನ್ನು ಬೆಳೆದ ಗಿಡದ ಬುಡದಲ್ಲೇ ಉದುರಿಸಿಬಿಡುವುದು. ಬೇರಿನ ಸುತ್ತ ಶಿಲೀಂಧ್ರ ಇದ್ದೇ ಇರುತ್ತದೆ. ಇಂಗ್ಲೆಂಡಿನ ಎಕ್ಸೆಟರಿನಲ್ಲಿ ವೀಚ್ ನರ್ಸರಿಯ ಜಾನ್ ಡೊಮಿನಿ ಬೆಳೆಸಿದ ಮೊದಲ ಸಂಕರ ಆರ್ಕಿಡ್ ಹೂಬಿಟ್ಟದ್ದು 1856ರಲ್ಲಿ. ಆಗ ಆಗ್ನೆಸ್ ಎರಡು ವರ್ಷದ ಕೂಸು. ಅದನ್ನು ನೋಡಿದ ಜಾನ್ ಲಿಂಡ್ಲಿ, ಇನ್ನು ಸಸ್ಯಶಾಸ್ತ್ರಿಗಳಿಗೆ ಹುಚ್ಚು ಹಿಡಿಯುವುದೊಂದು ಬಾಕಿ ಎಂಬರ್ಥದ ಮಾತಾಡಿದನೆಂದು ಹೇಳುತ್ತಾರೆ. ಇದೇ ಲಿಂಡ್ಲಿ 1841ರಲ್ಲಿ ‘ಗಾರ್ಡನರ್ಸ್ ಕ್ರಾನಿಕಲ್’ ಹುಟ್ಟುಹಾಕಿದವರಲ್ಲಿ ಒಬ್ಬ.

ಡೊಮಿನಿಯ ನಂತರ ಸಂಕರ ತಳಿಗಳು ರಾಶಿರಾಶಿ ಬಂದವು. ಒಂದೇ ಜೋಡಿಯಿಂದ ಹುಟ್ಟಿದ ಗಿಡಕ್ಕೆ ಒಬ್ಬ ಒಂದು ಹೆಸರಿಟ್ಟರೆ ಪಕ್ಕದೂರಿನವನು ಇನ್ನೊಂದು ಹೆಸರಿಟ್ಟು ಮಾರುತ್ತಿದ್ದ. ಈ ಗೊಂದಲಕ್ಕೆ ಕಡಿವಾಣ ಹಾಕಿದವನು ವ್ಯಾಪಾರಿ. ಫ್ರೆಡರಿಕ್ ಸ್ಯಾಂಡರ್ ಜರ್ಮನಿಯಲ್ಲಿ ಹುಟ್ಟಿ ಲಂಡನ್ನಿನ ಹತ್ತಿರದ ಸೇಂಟ್ ಆಲ್ಬನ್ಸ್‌ನಲ್ಲಿ ನರ್ಸರಿ ಇಟ್ಟವನು. ಬೆಲ್ಜಿಯಂನ ಬ್ರೂಜ್‌ನಲ್ಲೂ ಅವನ ಗಾಜಿನ ಮನೆಗಳಿದ್ದವು. ‘ಆರ್ಕಿಡ್ ರಾಜ’ ಎನ್ನುತ್ತಿದ್ದರು. ಅವನ ಎರಡು ಪ್ರಕಟಣೆಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಒಂದು ‘ರೈಖನ್‌ಬಾಕಿಯಾ’. 1888ರಿಂದ 1894ರವರೆಗೆ ಬಂದ ನಾಲ್ಕು ಸಂಪುಟ, ಹೆನ್ರಿ ಮೂನ್ ಎಂಬ ಕಲಾವಿದ ಬರೆದ ಹೂವಿನ ಚಿತ್ರಗಳು. ಅದರ ಅತಿ ದುಬಾರಿ ಆವೃತ್ತಿ ಬರೀ ನೂರು ಪ್ರತಿ. ರಾಜಮಹಾರಾಜರ ಮೇಜಿಗೆಂದೇ ಮಾಡಿದ್ದು. ಹಾಕಿದ ದುಡ್ಡು ಅವನ ಬೆನ್ನು ಮುರಿಯುವಷ್ಟಿತ್ತು. ಇನ್ನೊಂದು, 1906ರಲ್ಲಿ ಬಂದ ಸಂಕರ ಆರ್ಕಿಡ್‌ಗಳ ಪಟ್ಟಿ. ಚಿತ್ರವಿಲ್ಲ, ಶೃಂಗಾರವಿಲ್ಲ. ಹೆಸರು, ತಾಯಿ, ತಂದೆ, ಯಾರಿಂದ, ಯಾವಾಗ, ಅಷ್ಟೇ.

ಉಳಿದದ್ದು ಎರಡನೆಯದು. ಸ್ಯಾಂಡರ್ ತೀರಿದ ಮೇಲೂ ಮನೆತನ ಪಟ್ಟಿಯನ್ನು ಮುಂದುವರಿಸಿತು; 1946ರಲ್ಲಿ ಅದುವರೆಗಿನದನ್ನೆಲ್ಲ ಸೇರಿಸಿ ಸಮಗ್ರ ಪಟ್ಟಿ ತಂದಿತು. 1961ರಿಂದ ಆ ಹೊಣೆಯನ್ನು ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ಹೊತ್ತುಕೊಂಡಿತು. ಆಮೇಲೂ ಬಹಳ ಕಾಲ ಹೊಸ ಹೆಸರುಗಳು ದಪ್ಪ ದಪ್ಪ ಅನುಬಂಧಗಳಾಗಿ ಅಚ್ಚಾಗುತ್ತಿದ್ದವು, ಕೊಳ್ಳಬೇಕಿತ್ತು. ನಮ್ಮಲ್ಲಿ ಆರ್ಕಿಡ್ ಬೆಳೆಯುವವರ ಮನೆಯಲ್ಲಿ ಅವು ಇರುತ್ತಿದ್ದದ್ದು ಅಪರೂಪ, ಇದ್ದರೂ ಒಂದೆರಡು ಬಿಡಿ ಸಂಪುಟ. ಈಗ ಇಡೀ ರಿಜಿಸ್ಟರನ್ನು ಯಾರು ಬೇಕಾದರೂ ಕಾಸಿಲ್ಲದೆ ತೆರೆದು ನೋಡಬಹುದು. ಲಕ್ಷ ದಾಟಿದ ಸಂಕರಗಳು ಅದರಲ್ಲಿವೆ. ಹೊಸ ನೋಂದಣಿಗಳ ಪಟ್ಟಿ ‘ಆರ್ಕಿಡ್ ರಿವ್ಯೂ’ ಪತ್ರಿಕೆಯ ಪುರವಣಿಯಾಗಿ ಬರುತ್ತದೆ. ಪತ್ರಿಕೆಗೆ ಚಂದಾ ಕಟ್ಟಬೇಕು, ಪುರವಣಿಗೆ ಬೇಡ. ನೋಂದಾಯಿಸುವವನು ಸಣ್ಣ ಶುಲ್ಕ ಕೊಡುತ್ತಾನೆ, ಹುಡುಕುವವನು ಕೊಡುವುದಿಲ್ಲ. ಈ ಏರ್ಪಾಡು ನನಗೆ ತುಂಬ ಹಿಡಿಸಿದೆ.

ಮಿಸ್ ಜೋಕಿಮ್ ಅಲ್ಲಿದ್ದಾಳೆ, ಬೇರೆ ಕುಲದ ಹೆಸರು ಹೊತ್ತು. ಉರುಟೆಲೆಯ ವ್ಯಾಂಡಾಗಳನ್ನು ಪಾಪಿಲಿಯೊನ್ಯಾಂಥೆ ಎಂಬ ಬೇರೆ ಕುಲಕ್ಕೆ ಸೇರಿಸಿದ್ದು ಜರ್ಮನ್ ಸಸ್ಯಶಾಸ್ತ್ರಿ ಶ್ಲೆಕ್ಟರ್, 1915ರಲ್ಲಿ. ಅದನ್ನು ಒಪ್ಪಿದ ಮೇಲೆ ಅವುಗಳ ಸಂತಾನವೂ ಹೆಸರು ಬದಲಿಸಬೇಕಾಯಿತು. ಇದನ್ನು ತಿಳಿಯದೆ ಹಳೆಯ ಪುಸ್ತಕ ಹಿಡಿದು ಕೂತವನಿಗೆ ಹೂವೇ ಕಳೆದುಹೋದಂತೆ ಕಾಣುತ್ತದೆ. ಅಚ್ಚಾದ ಪಟ್ಟಿ ತನ್ನನ್ನು ತಾನು ತಿದ್ದಿಕೊಳ್ಳಲಾರದು. ತೆರೆದ ರಿಜಿಸ್ಟರ್ ತಿದ್ದಿಕೊಳ್ಳುತ್ತದೆ. ಅದು ಒಳ್ಳೆಯದೂ ಹೌದು, ಅಪಾಯವೂ ಹೌದು. ನಿನ್ನೆ ಏನಿತ್ತು ಎಂದು ಕೇಳಿದರೆ ಅಚ್ಚಿನ ಸಂಪುಟವೇ ಸಾಕ್ಷಿ ಹೇಳಬೇಕು.

ಇಲ್ಲಿ ಒಂದು ಸೂಕ್ಷ್ಮ ಇದೆ. ರಿಡ್ಲಿ ಎರಡು ಗಿಡಗಳ ಹೆಸರನ್ನು ‘ಮತ್ತು’ ಹಾಕಿ ಬರೆದ, ಗಂಡು ಯಾವುದೆಂದು ದಾಖಲೆ ಇಲ್ಲ ಎಂದೂ ಬರೆದ. ಆದರೆ ಪಟ್ಟಿಯಲ್ಲಿ ‘ಮತ್ತು’ ಇಲ್ಲ. ಎರಡು ಮನೆ ಇರುತ್ತವೆ: ಮೊದಲನೆಯದು ತಾಯಿಗೆ, ಎರಡನೆಯದು ತಂದೆಗೆ. ಯಾರಾದರೂ ಮೊದಲ ಮನೆಯಲ್ಲಿ ಕೂರಲೇಬೇಕು. ಹಳೆಯ ಆರ್ಕಿಡ್ ಬರಹಗಳಲ್ಲಿ ಸಾಮಾನ್ಯವಾಗಿ ಕಾಣುವುದು ಹೂಕೇರಿಯಾನ ಮೊದಲು, ಟೆರೆಸ್ ಆಮೇಲೆ. ರಿಡ್ಲಿಯ ವಾಕ್ಯದಲ್ಲಿದ್ದ ಅದೇ ಸರದಿ. ಸಂಕರ ಮಾಡಿದವರು ಯಾರೆಂದು ತಿಳಿಯದಿದ್ದರೆ ಹಾಗೆಂದು ಗುರುತಿಸಲು ರಿಜಿಸ್ಟರಿನಲ್ಲಿ ಒಂದು ಸಂಕೇತವೇ ಇದೆ. ತಾಯಿ–ತಂದೆ ತಿರುಗುಮುರುಗಾಗಿರಬಹುದು ಎಂಬುದಕ್ಕೆ ಮನೆಗಳಲ್ಲಿ ಜಾಗ ಇಲ್ಲ. ಹೀಗೆ ವಾಕ್ಯವೊಂದರ ಅನುಮಾನ ಪಟ್ಟಿಗೆ ಬರುವಷ್ಟರಲ್ಲಿ ನಿಶ್ಚಯವಾಗಿ ಕೂತುಬಿಟ್ಟಿತು. ಪಟ್ಟಿ ದುಡ್ಡಿನದೋ ಬಿಟ್ಟಿಯದೋ ಎನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಪಟ್ಟಿಯ ಹಿಂದಿನ ವಾಕ್ಯವನ್ನು ಹೋಗಿ ಓದಲು ಎಷ್ಟು ಜನರಿಗೆ ಸಾಧ್ಯ ಎನ್ನುವುದಕ್ಕೆ ಸಂಬಂಧವಿದೆ.

ಇನ್ನು ಆಧುನಿಕರ ಜಗಳ. 2000ದಲ್ಲಿ ಇತಿಹಾಸಕಾರ್ತಿ ನಾಡಿಯಾ ರೈಟ್ ‘ಆರ್ಕಿಡ್ ರಿವ್ಯೂ’ನಲ್ಲಿ ಒಂದು ಲೇಖನ ಬರೆದು, ರಿಡ್ಲಿಯ ಮಾತನ್ನು ಮತ್ತೆ ಮುಂದಿಟ್ಟರು: ಹೂವನ್ನು ಸೃಷ್ಟಿಸಿದ್ದು ಆಗ್ನೆಸ್ಸೇ. ಆ ಲೇಖನ ಚಂದಾದಾರರ ಪತ್ರಿಕೆಯಲ್ಲಿತ್ತು. 2002ರಲ್ಲಿ ಹ್ಯೂ, ಯಾಮ್, ಅರ್ಡಿಟ್ಟಿ ಎಂಬ ಮೂವರು ಸಸ್ಯವಿಜ್ಞಾನಿಗಳು ಈ ಒಂದೇ ಗಿಡದ ಮೇಲೆ ಇಡೀ ಪುಸ್ತಕ ತಂದರು; ಇದು ನಿಸರ್ಗದಲ್ಲೇ ಆದ ಸಂಕರ, ಆಗ್ನೆಸ್ ಕಂಡುಹಿಡಿದಳು ಅಷ್ಟೇ ಎಂದು ವಾದಿಸಿದರು. ಆ ಪುಸ್ತಕದ ಮೇಲೆ ನನಗೆ ಗೌರವವಿದೆ. ಗಿಡದ ಅಂಗರಚನೆ, ಶರೀರಕ್ರಿಯೆ, ಹೂವಿನ ವ್ಯವಹಾರದ ಬಗ್ಗೆ ಅಷ್ಟೊಂದು ಸಾಮಗ್ರಿ ಬೇರೆಲ್ಲೂ ಒಟ್ಟಿಗೆ ಸಿಗುವುದಿಲ್ಲ. ಆದರೆ ಮೂಲದ ಪ್ರಶ್ನೆಗೆ ಬಂದಾಗ, 1893ರ ನೇರ ಹೇಳಿಕೆಯನ್ನು ಹಿಂದಕ್ಕೆ ಸರಿಸಿ ದುಂಬಿಯನ್ನು ಮುಂದಕ್ಕೆ ತರುವುದಕ್ಕೆ ಅವರು ಕೊಡುವ ಕಾರಣಗಳು ನನಗೆ ಸಾಲದು. ದಪ್ಪ ಬೈಂಡಿನ, ಬೆಲೆಯುಳ್ಳ, ವಿಶ್ವವಿದ್ಯಾಲಯದ ಮುದ್ರಣಾಲಯದಿಂದ ಬಂದ ಪುಸ್ತಕಕ್ಕೆ ಒಂದು ತೂಕ ಇರುತ್ತದೆ. ಮೂಲ ಪುಟ ಕಣ್ಣಿಗೆ ಬೀಳದ ಓದುಗ ಆ ತೂಕವನ್ನೇ ಪುರಾವೆ ಎಂದುಕೊಳ್ಳುತ್ತಾನೆ. ಸಿಂಗಪುರದ ಶಾಲೆಯ ಮಕ್ಕಳೂ ಪ್ರವಾಸಿಗರೂ ಕೇಳುತ್ತಾ ಬಂದದ್ದು ಬಿದಿರು ಮೆಳೆಯ ಕತೆ.

2011ರಲ್ಲಿ ಬಂದ ಇನ್ನೊಂದು ಸಂಶೋಧನೆ ಎರಡನೇ ಪ್ರಶ್ನೆಗೆ ಉತ್ತರ ಹುಡುಕಿತು. ಖ್ಯೂ ಮತ್ತು ಚಿಯಾ ಎಂಬ ಇಬ್ಬರು ಕ್ಲೋರೋಪ್ಲಾಸ್ಟಿನ ಎರಡು ಜೀನ್‌ಗಳನ್ನು ಓದಿದರು. ಎಲೆಗೆ ಹಸಿರು ಕೊಡುವ ಈ ಕಣಗಳು ಇಂಥ ಗಿಡಗಳಲ್ಲಿ ತಾಯಿಯಿಂದ ಮಾತ್ರ ಬರುತ್ತವೆ. ಆದ್ದರಿಂದ ಮಗುವಿನ ಕ್ಲೋರೋಪ್ಲಾಸ್ಟ್ ಯಾರದನ್ನು ಹೋಲುತ್ತದೋ ಅದೇ ತಾಯಿ. ಫಲಿತಾಂಶ: ತಾಯಿ ಟೆರೆಸ್, ಅದರಲ್ಲೂ ಆಂಡರ್ಸೋನಿ ಎಂಬ ಬಗೆ, ತಂದೆ ಹೂಕೇರಿಯಾನ. ಪಟ್ಟಿಗಳಲ್ಲಿ ಕೂತಿದ್ದ ಸರದಿ ತಲೆಕೆಳಗು. ಈ ಲೇಖನ ಬಂದದ್ದು ‘ಎಒಬಿ ಪ್ಲಾಂಟ್ಸ್’ ಎಂಬ ಮುಕ್ತ ಪತ್ರಿಕೆಯಲ್ಲಿ. ನಾನು ಅದನ್ನು ಬಸ್ಸಿನಲ್ಲಿ ಕೂತು ಮೊಬೈಲಿನಲ್ಲೇ ಓದಿ ಮುಗಿಸಿದೆ.

ಈ ಪರೀಕ್ಷೆ ಸಾಧ್ಯವಾದದ್ದು ಹೇಗೆ ಎನ್ನುವುದೂ ಯೋಚಿಸತಕ್ಕದ್ದು. ಮಿಸ್ ಜೋಕಿಮ್ ಬೀಜದಿಂದ ಹರಡಿದ ಗಿಡವಲ್ಲ, ತುಂಡಿನಿಂದ ಹರಡಿದ್ದು. ಕಾಂಡ ಕತ್ತರಿಸಿ ನೆಟ್ಟರೆ ಬೇರು ಬಿಡುತ್ತದೆ. ನೆರೆಯವರು ಕೇಳಿದರು ಎಂದು ಒಂದು ತುಂಡು, ನೆಂಟರಿಗೆ ಇನ್ನೊಂದು. 1897ರಲ್ಲಿ ಇಂಗ್ಲೆಂಡಿನಲ್ಲಿ ಅದನ್ನು ಅರಳಿಸಿದವನು ಆಗ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ಅಧ್ಯಕ್ಷನಾಗಿದ್ದ ಸರ್ ಟ್ರೆವರ್ ಲಾರೆನ್ಸ್. ಇಂದು ಸಿಂಗಪುರದಲ್ಲಿ ಬೇಲಿಗೆ ಕಟ್ಟಿರುವ ಗಿಡವೂ ಆಗ್ನೆಸ್ ಮುಟ್ಟಿದ ಗಿಡದ ತುಣುಕೇ. ಬರೆದಿಡದ ದಾಖಲೆಯನ್ನು ಗಿಡ ತನ್ನ ಮೈಯಲ್ಲೇ ಇಟ್ಟುಕೊಂಡು, ಕೈಯಿಂದ ಕೈಗೆ ಧರ್ಮಾರ್ಥವಾಗಿ ಹೋಗುತ್ತಾ 118 ವರ್ಷ ಕಾದಿತ್ತು.

2016ರಲ್ಲಿ ಸಿಂಗಪುರದ ರಾಷ್ಟ್ರೀಯ ಪರಂಪರೆ ಮಂಡಳಿ ತನ್ನ ದಾಖಲೆಗಳನ್ನು ತಿದ್ದಿ, ಹೂವಿನ ಸೃಷ್ಟಿಕರ್ತೆ ಆಗ್ನೆಸ್ ಎಂದು ಒಪ್ಪಿಕೊಂಡಿತು. 2018ರಲ್ಲಿ ನಾಡಿಯಾ ರೈಟ್, ಆಗ್ನೆಸ್ಸಳ ಕುಟುಂಬದ ಲಿಂಡಾ ಲಾಕ್ ಮತ್ತು ಹೆರಾಲ್ಡ್ ಜಾನ್ಸನ್ ಮೂವರೂ ಸೇರಿ ಇಡೀ ವಿವಾದವನ್ನು ‘ಬಿಬ್ಲಿಯೋಏಷ್ಯಾ’ದಲ್ಲಿ ಬಿಡಿಸಿ ಬರೆದರು. ಅದು ಸಿಂಗಪುರದ ರಾಷ್ಟ್ರೀಯ ಗ್ರಂಥಾಲಯ ಹೊರತರುವ ಪತ್ರಿಕೆ. ಓದಲು ಯಾರೂ ಏನೂ ಕೊಡಬೇಕಿಲ್ಲ. ಅದೇ ಗ್ರಂಥಾಲಯ ‘ನ್ಯೂಸ್‌ಪೇಪರ್‌ಎಸ್‌ಜಿ’ ಹೆಸರಿನಲ್ಲಿ ಊರಿನ ಹಳೆಯ ಪತ್ರಿಕೆಗಳನ್ನು ತೆರೆದಿಟ್ಟಿದೆ. ಹತ್ತೊಂಬತ್ತನೇ ಶತಮಾನದ ಹೂವಿನ ಪ್ರದರ್ಶನದ ವರದಿ ಹುಡುಕುತ್ತಾ ಹೋದರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ: ಯಾರ ಗುಲಾಬಿಗೆ ಎಷ್ಟನೇ ಬಹುಮಾನ, ಯಾರ ಜರಿಗಿಡ ಬಾಡಿತ್ತು, ಮಳೆ ಬಂದು ಜನ ಎಷ್ಟು ಕಡಿಮೆಯಾದರು. ಸಸ್ಯಸಂಘದ ದಾಖಲೆ ಎಂದರೆ ರಿಜಿಸ್ಟರು ಮಾತ್ರವಲ್ಲ, ಇಂಥ ಪಟ್ಟಿಗಳೂ ಹೌದು. ಆಗ್ನೆಸ್ ಕೈಗುಣದ ತೋಟಗಾತಿ ಎಂಬ ರಿಡ್ಲಿಯ ಮಾತಿಗೆ ಬೆಂಬಲ ಸಿಗುವುದು ಅಲ್ಲೇ. ವರ್ಷ ವರ್ಷ ಬಹುಮಾನ ಪಡೆಯುವವಳಿಗೆ ಎರಡು ಆರ್ಕಿಡ್ ಕೂಡಿಸುವುದು ಅಸಾಧ್ಯವಾಗಿತ್ತು ಎನ್ನುವವರು ಆ ಪಟ್ಟಿಗಳನ್ನು ಓದಬೇಕಿತ್ತು.

ಹಾಗಾದರೆ ಎಲ್ಲವನ್ನೂ ಬಿಟ್ಟಿ ಕೊಡಬೇಕೇ? ನನಗೆ ಹಾಗೆನ್ನಿಸುವುದಿಲ್ಲ. ಸಸ್ಯಸಂಘಗಳು ಶ್ರೀಮಂತ ಸಂಸ್ಥೆಗಳಲ್ಲ. ಸದಸ್ಯರ ಚಂದಾ, ಪತ್ರಿಕೆಯ ಮಾರಾಟ, ವರ್ಷಕ್ಕೊಂದು ಪ್ರದರ್ಶನ ಇಷ್ಟರಲ್ಲೇ ನಡೆಯುವವು ಹೆಚ್ಚು. ಪತ್ರಿಕೆ ಬಿಟ್ಟಿಯಾದರೆ ಚಂದಾ ಯಾರು ಕಟ್ಟುತ್ತಾರೆ ಎಂಬ ಖಜಾಂಚಿಯ ಆತಂಕ ಸಾಚಾ. ಇದಕ್ಕೆ ಒಬ್ಬೊಬ್ಬರು ಒಂದೊಂದು ದಾರಿ ಕಂಡುಕೊಂಡಿದ್ದಾರೆ. 1945ರಲ್ಲಿ ಹುಟ್ಟಿದ ಅಮೆರಿಕನ್ ರೋಡೋಡೆಂಡ್ರನ್ ಸೊಸೈಟಿ ತನ್ನ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಡಿಜಿಟಲ್ ಗ್ರಂಥಾಲಯದಲ್ಲಿ ತೆರೆದಿಟ್ಟು, ಹೊಸವನ್ನು ಸದಸ್ಯರಿಗೆ ಕಾದಿರಿಸಿಕೊಂಡಿತು. ಅಮೆರಿಕನ್ ಐರಿಸ್ ಸೊಸೈಟಿ 1939ರಿಂದ ಹತ್ತು ವರ್ಷಕ್ಕೊಮ್ಮೆ ತಳಿಪಟ್ಟಿಯನ್ನು ಪುಸ್ತಕವಾಗಿ ಮಾರುತ್ತಾ ಬಂದಿದೆ. ಜೊತೆಗೆ ಎಲ್ಲರೂ ನೋಡಬಹುದಾದ ಐರಿಸ್ ವಿಶ್ವಕೋಶವನ್ನೂ ಕಟ್ಟಿದೆ. ಆರ್ಕಿಡ್‌ನವರಲ್ಲಿ ನೋಂದಣಿ ಮಾಹಿತಿಯನ್ನು ವಂಶವೃಕ್ಷವಾಗಿ ಬಿಡಿಸಿ, ಚಿತ್ರ ಸೇರಿಸಿ, ದುಡ್ಡಿಗೆ ಕೊಡುವ ಆರ್ಕಿಡ್‌ವಿಜ್‌ನಂಥ ತಂತ್ರಾಂಶಗಳಿವೆ. ಮಾರಲಿ, ತಪ್ಪೇನು? ಅದರಲ್ಲಿ ಮಾರುತ್ತಿರುವುದು ಜೋಡಿಸಿದ ಶ್ರಮವನ್ನು. ವಿವರಣೆ, ಚಿತ್ರ, ವಾದ, ಸೊಗಸು, ಇವಕ್ಕೆಲ್ಲ ಬೆಲೆ ಇಡಬಹುದು. ಯಾವ ಗಿಡ, ಯಾರಿಂದ, ಯಾವಾಗ, ಯಾವುದರಿಂದ ಎಂಬ ಮೊದಲ ಸಾಲಿಗೆ ಬೆಲೆ ಇಟ್ಟರೆ ಮಾತ್ರ ನಾನು ಜಗಳಕ್ಕೆ ನಿಲ್ಲುತ್ತೇನೆ. ಮೊದಲ ಸಾಲು ಮುಚ್ಚಿದ್ದರೆ ಆಮೇಲಿನ ಪುಸ್ತಕಗಳನ್ನು ಯಾರೂ ಪರೀಕ್ಷಿಸಲಾರರು.

ಬಿಟ್ಟಿಯೂ ಪುಕ್ಕಟೆ ಅಲ್ಲ, ಯಾರೋ ಕೊಡುತ್ತಿರುತ್ತಾರೆ. ನಾನು 740ನೇ ಪುಟ ಓದಿದ ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯ ಆಡಳಿತವನ್ನು ವರ್ಷಗಳಿಂದ ಹೊತ್ತಿದ್ದ ಸ್ಮಿತ್ಸೋನಿಯನ್ ಸಂಸ್ಥೆ, 2026ರ ಜನವರಿಯಿಂದ ಆ ಹೊರೆ ತನ್ನಿಂದಾಗದು ಎಂದು 2025ರಲ್ಲಿ ತಿಳಿಸಿತು. ಹೊಸ ಆಸರೆ ಹುಡುಕುವ ಕೆಲಸ ಉಳಿದ ಗ್ರಂಥಾಲಯಗಳ ಹೆಗಲಿಗೆ ಬಂತು. ಸ್ಯಾಂಡರ್ ಮನೆತನ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಪಟ್ಟಿ ಕಾದದ್ದು ಗಿಡ ಮಾರಿದ ಲಾಭದಿಂದ.

ನಮ್ಮ ದೇಶಕ್ಕೂ ಇಂಥದೊಂದು ಹೊಣೆ ಇದೆ, ಹೆಚ್ಚು ಜನಕ್ಕೆ ತಿಳಿದಿಲ್ಲ. ಬೋಗನ್‌ವಿಲ್ಲಾ ತಳಿಗಳ ಅಂತರರಾಷ್ಟ್ರೀಯ ನೋಂದಣಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯದು. ಕಾಗದದ ಹೂವು ಎಂದು ನಾವು ಕಾಂಪೌಂಡಿಗೆ ಹಬ್ಬಿಸುವ ಅದೇ ಗಿಡ. ಜಗತ್ತಿನ ಯಾವ ಮೂಲೆಯಲ್ಲಿ ಹೊಸ ತಳಿ ಹುಟ್ಟಿದರೂ ಹೆಸರು ಅಲ್ಲಿ ದಾಖಲಾಗಬೇಕು. ಅದರ ಅಂತರರಾಷ್ಟ್ರೀಯ ಪಟ್ಟಿ 1981ರಲ್ಲಿ ಪುಸ್ತಕವಾಗಿ ಬಂತು. ನಾನು ಅದನ್ನು ಗ್ರಂಥಾಲಯವೊಂದರ ಮೇಜಿನ ಮೇಲೆ ಇಟ್ಟುಕೊಂಡು ಓದಿದೆ. ಬೋಗನ್‌ವಿಲ್ಲಾದಲ್ಲಿ ಹೊಸ ತಳಿಗಳು ಬೀಜದಿಂದ ಬಂದಷ್ಟೇ ರೆಂಬೆಯ ಮಾರ್ಪಾಡಿನಿಂದಲೂ ಬರುತ್ತವೆ: ಒಂದೇ ಗಿಡದ ಒಂದು ಕೊಂಬೆ ಇದ್ದಕ್ಕಿದ್ದಂತೆ ಬೇರೆ ಬಣ್ಣ ತಳೆಯುತ್ತದೆ, ಮಾಲಿ ಅದನ್ನು ಕತ್ತರಿಸಿ ನೆಡುತ್ತಾನೆ. ಹೆಸರು ಮಾತ್ರ ಹೆಚ್ಚಾಗಿ ದೊರೆಸಾನಿಯದೋ ಸಾಹೇಬರದೋ ಆಗಿರುತ್ತದೆ. ಆ ಕೊಂಬೆಯನ್ನು ಮೊದಲು ಕಂಡ ಮಾಲಿ ಯಾರು ಎಂದು ಕೇಳಿದರೆ ಪಟ್ಟಿ ಸುಮ್ಮನಿರುತ್ತದೆ.

ಉತ್ತರ ಇದ್ದರೆ ಅದು ತೋಟಗಳ ದಿನಚರಿಯಲ್ಲಿ, ಪ್ರದರ್ಶನದ ಬಹುಮಾನ ಪಟ್ಟಿಗಳಲ್ಲಿ ಇದ್ದೀತು. ಲಾಲ್‌ಬಾಗಿನಲ್ಲಿ ತೋಟಗಾರಿಕೆ ಇಲಾಖೆಯೂ ಮೈಸೂರು ಉದ್ಯಾನಕಲಾ ಸಂಘವೂ ಸೇರಿ ಗಣರಾಜ್ಯೋತ್ಸವಕ್ಕೊಂದು, ಸ್ವಾತಂತ್ರ್ಯೋತ್ಸವಕ್ಕೊಂದು ಫಲಪುಷ್ಪ ಪ್ರದರ್ಶನ ನಡೆಸುತ್ತವೆ. ಕುಂಡದ ಗಿಡ, ಕೈತೋಟ, ಹೂಜೋಡಣೆ ಎಂದು ವಿಭಾಗ ಮಾಡಿ ಬಹುಮಾನ ಕೊಡುತ್ತಾ ಬಂದಿದ್ದಾರೆ. ಗೆದ್ದವರ ಮನೆಯಲ್ಲಿ ಪ್ರಮಾಣಪತ್ರ ಚೌಕಟ್ಟಿನಲ್ಲಿರುತ್ತದೆ. ಜೊತೆಗೆ ಬಂದ ವಿವರ ಪುಸ್ತಿಕೆ, ತೀರ್ಪುಗಾರರ ಪಟ್ಟಿ, ಸ್ಪರ್ಧೆಗೆ ತುಂಬಿದ ನಮೂನೆಯ ನಕಲು ಹಳೆಯ ಟ್ರಂಕಿನಲ್ಲಿ. ಅಜ್ಜಿಯದೋ ಅತ್ತೆಯದೋ ಅಂಥ ಟ್ರಂಕು ಇದ್ದವರು ರದ್ದಿಯವನನ್ನು ಕರೆಯುವ ಮೊದಲು ಒಂದೊಂದು ಹಾಳೆಯ ಫೋಟೊ ತೆಗೆಯಿರಿ. ಹಿಂಬದಿಯಲ್ಲಿ ಗಿಡದ ಹೆಸರು, ವರ್ಷ, ಬೆಳೆದವರ ಹೆಸರು ಬರೆದಿದ್ದರೆ ಅದರ ಫೋಟೊ ಮೊದಲು.